ವಾಲ್ವನ್ನು ತಳ್ಳುವ ಪುಟ್ಟ ಪೆಟ್ಟಿಗೆ

ಎಲೆಕ್ಟ್ರಿಕ್ ಗಿಟಾರಿಗೂ ಅದರ ಸದ್ದನ್ನು ದೊಡ್ಡದು ಮಾಡುವ ಆಂಪಿಗೂ ನಡುವೆ ಇಟ್ಟು, ಕಾಲಿನಿಂದ ತುಳಿದು ದನಿಗೆ ಒಡಕು ತರುವ ಪುಟ್ಟ ಪೆಟ್ಟಿಗೆಯೇ ಓವರ್‌ಡ್ರೈವ್ ಪೆಡಲ್. ಅದರ ಮೇಲೆ ಸಾಮಾನ್ಯವಾಗಿ ಮೂರು ನಾಬ್‌ಗಳು: ಒಡಕು ಎಷ್ಟೆಂದು ಹೇಳುವ ಡ್ರೈವ್, ಟೋನ್, ಹೊರಬರುವ ಸಿಗ್ನಲ್ ಎಷ್ಟು ದೊಡ್ಡದೆಂದು ಹೇಳುವ ಲೆವೆಲ್. ಕೊಳ್ಳಲು ಹೊರಟವರ ಕೈ ಮೊದಲು ಹೋಗುವುದು ಡ್ರೈವ್ ಕಡೆಗೆ. ಸದ್ದು ಎಷ್ಟು ಒಡೆಯುತ್ತದೆ, ಎಷ್ಟು ಗುಡುಗುತ್ತದೆ ಎಂದು ನೋಡಿ ಪೆಡಲಿಗೆ ಬೆಲೆ ಕಟ್ಟುತ್ತಾರೆ. ಆದರೆ ಅದನ್ನು ಜೋಡಿಸುವುದು ವಾಲ್ವ್ ಆಂಪಿಗೆ ಆದರೆ ಮೊದಲು ಪರೀಕ್ಷಿಸಬೇಕಾದದ್ದು ಲೆವೆಲ್. ಇದು ಯಾಕೆಂದು ತಿಳಿದರೆ ದುಬಾರಿ ಪೆಡಲಿನ ಹಂಬಲ ಮುಕ್ಕಾಲು ಪಾಲು ತಾನಾಗಿಯೇ ಇಳಿಯುತ್ತದೆ.

ವಾಲ್ವ್ ಎಂದರೆ ಗಾಳಿ ತೆಗೆದ ಗಾಜಿನ ಬುರುಡೆ. ಒಳಗೆ ಕಾದ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಹೊಮ್ಮುತ್ತವೆ. ನೂರಾರು ವೋಲ್ಟಿನ ಪ್ಲೇಟ್ ಅವನ್ನು ತನ್ನತ್ತ ಸೆಳೆಯುತ್ತದೆ. ಇವೆರಡರ ನಡುವೆ ಗ್ರಿಡ್ ಎಂಬ ತಂತಿಯ ಜಾಲರಿ ಕಾವಲುಗಾರನಂತೆ ನಿಂತಿರುತ್ತದೆ. ಗಿಟಾರ್ ಆಂಪಿನ ಮೊದಲ ಹಂತದಲ್ಲಿ ಬಹುತೇಕ ಎಲ್ಲೆಡೆ ಕಾಣುವ 12ಎಎಕ್ಸ್7 ವಾಲ್ವಿನಲ್ಲಿ ಈ ಗ್ರಿಡ್ಡು ಕ್ಯಾಥೋಡಿಗಿಂತ ಸುಮಾರು ಒಂದರಿಂದ ಒಂದೂವರೆ ವೋಲ್ಟಿನಷ್ಟು ಋಣ ಸ್ಥಿತಿಯಲ್ಲಿರುತ್ತದೆ. ಗಿಟಾರಿನ ಸಿಗ್ನಲ್ ಆ ಅಂತರದೊಳಗೆ ಏರಿಳಿಯುವ ತನಕ ವಾಲ್ವು ಅದರ ದೊಡ್ಡ ಪ್ರತಿಯನ್ನು ನಿಷ್ಠೆಯಿಂದ ಬಿಡಿಸಿಕೊಡುತ್ತದೆ. ಸಿಗ್ನಲ್ ಮೇಲೇರಿ ಗ್ರಿಡ್ಡನ್ನು ಕ್ಯಾಥೋಡಿನ ಮಟ್ಟಕ್ಕೆ ತಂದರೆ ಎಲೆಕ್ಟ್ರಾನುಗಳು ಗ್ರಿಡ್ಡಿಗೇ ಅಂಟತೊಡಗುತ್ತವೆ, ಅಲೆಯ ಆ ತುದಿ ಚಪ್ಪಟೆಯಾಗುತ್ತದೆ. ತುಂಬ ಕೆಳಗಿಳಿದರೆ ಪ್ರವಾಹ ಸೊರಗುತ್ತಾ ನಿಂತುಹೋಗುತ್ತದೆ, ಇನ್ನೊಂದು ತುದಿ ದುಂಡಗಾಗುತ್ತದೆ. ಎರಡು ತುದಿಗಳೂ ಬೇರೆ ಬೇರೆ ರೀತಿಯಲ್ಲಿ, ಬೇರೆ ಬೇರೆ ಹೊತ್ತಿಗೆ ಮಣಿಯುತ್ತವೆ. ನಾವು ಇಷ್ಟಪಡುವ ಆ ಬೆಚ್ಚನೆಯ ಒಡಕು ದನಿ ಹುಟ್ಟುವುದು ಈ ಮಣಿಯುವಿಕೆಯಲ್ಲಿ.

ತಂತಿಯನ್ನು ಜೋರಾಗಿ ಮೀಟಿದ ಕ್ಷಣ, ಅದರ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್‌ನಿಂದ ಕೆಲವು ನೂರು ಮಿಲಿವೋಲ್ಟ್ ಬರಬಹುದು. ಮರುಕ್ಷಣವೇ ಅದು ಇಳಿಯತೊಡಗುತ್ತದೆ. ಮೊದಲ ವಾಲ್ವು ಅದನ್ನು ಸುಮಾರು 50–60 ಪಟ್ಟು ಹಿಗ್ಗಿಸಿ ವಾಲ್ಯೂಮ್ ನಾಬ್ ಮೂಲಕ ಮುಂದಿನ ಹಂತಗಳಿಗೆ ಕಳಿಸುತ್ತದೆ. ಆದ್ದರಿಂದ ವಾಲ್ಯೂಮ್ ಏರಿಸಿದಂತೆ ಮೊದಲು ಒಡೆಯುವುದು ಎರಡನೆಯ ಹಂತವೋ, ಕೊನೆಯ ಪವರ್ ವಾಲ್ವುಗಳೋ ಆಗಿರುತ್ತವೆ. ತೊಡಕಿರುವುದು ಇಲ್ಲೇ. ಆ ಹೊತ್ತಿಗೆ ಆಂಪ್ ಕಿವಿ ಕಿತ್ತುಹೋಗುವಷ್ಟು ಜೋರಾಗಿರುತ್ತದೆ. ಕಡಿಮೆ ವ್ಯಾಟಿನ ಆಂಪ್ ಕೊಂಡರೂ ಪೂರ್ತಿ ಪಾರಾಗಲಾಗದು, ಏಕೆಂದರೆ ನಮ್ಮ ಕಿವಿಗೆ ಸದ್ದು ಇಮ್ಮಡಿಯಾದಂತೆ ಕೇಳಿಸಲು ಸ್ಥೂಲವಾಗಿ ಹತ್ತು ಪಟ್ಟು ಶಕ್ತಿ ಬೇಕು. 50 ವ್ಯಾಟಿನ ಆಂಪಿನ ಮುಂದೆ 5 ವ್ಯಾಟಿನದು ಅರ್ಧದಷ್ಟು ಜೋರಾಗಿಯಂತೂ ಕೇಳುತ್ತದೆ.

ಪೆಡಲ್ ಈ ತೊಡಕನ್ನು ಬಿಡಿಸುತ್ತದೆ. ಡ್ರೈವ್ ಕಡಿಮೆ ಇಟ್ಟು ಲೆವೆಲ್ ಏರಿಸಿದರೆ ಒಂದು ವೋಲ್ಟಿನ ಆಸುಪಾಸಿನ ಸಿಗ್ನಲ್ ಆಂಪಿನ ಬಾಗಿಲಿಗೆ ಬರುತ್ತದೆ, ಸ್ವರ ಇಳಿಯುತ್ತಿರುವಾಗಲೂ ಆ ಮಟ್ಟ ಬೇಗ ಕುಸಿಯುವುದಿಲ್ಲ. ವಾಲ್ಯೂಮ್ ಅಷ್ಟೇನೂ ಏರಿಸದೆಯೇ ವಾಲ್ವುಗಳು ತಮ್ಮ ಅಂಚಿಗೆ ಬಂದು ನಿಲ್ಲುತ್ತವೆ. ಡ್ರೈವ್ ಪೂರ್ತಿ ತಿರುಗಿಸಿ ಲೆವೆಲ್ ತಗ್ಗಿಸಿದರೆ ಆಗುವುದೇ ಬೇರೆ. ಆಗ ಒಡಕೆಲ್ಲ ಪೆಡಲಿನೊಳಗೆ ಅಲೆಯ ತುದಿಗಳನ್ನು ಕತ್ತರಿಸುವ ಡಯೋಡುಗಳದ್ದು. ವಾಲ್ವು ಅದನ್ನು ಸುಮ್ಮನೆ ನಕಲು ಮಾಡುತ್ತದೆ, ಅಷ್ಟು ಹಣ ಕೊಟ್ಟು ತಂದ ವಾಲ್ವಿನ ಗುಣ ಕೇಳಿಸುವುದೇ ಇಲ್ಲ.

ಇದು 1960ರ ದಶಕದಲ್ಲೇ ವಾದಕರಿಗೆ ತಿಳಿದಿತ್ತು. ಆಗ ಬಂದ ಡಲ್ಲಾಸ್ ರೇಂಜ್‌ಮಾಸ್ಟರ್ ಎಂಬ ಪೆಟ್ಟಿಗೆಯಲ್ಲಿ ಇದ್ದದ್ದು ಒಂದು ಜರ್ಮೇನಿಯಂ ಟ್ರಾನ್ಸಿಸ್ಟರ್, ಒಂದು ನಾಬ್, ಬೆರಳೆಣಿಕೆಯ ಬಿಡಿಭಾಗಗಳು. ಕ್ವೀನ್ ರಾಕ್ ತಂಡದ ಗಿಟಾರ್ ವಾದಕ ಬ್ರಯಾನ್ ಮೇ ಅದನ್ನು ವಾಕ್ಸ್ ಎಸಿ30 ಆಂಪಿನ ಮುಂದೆ ಬಳಸಿದರು. ಅದರ ಕೆಲಸ ಎರಡೇ: ಸಿಗ್ನಲನ್ನು ದೊಡ್ಡದು ಮಾಡುವುದು, ಮಾಡುವಾಗ ತಗ್ಗು ಸ್ವರಗಳನ್ನು ಕಳೆಯುವುದು.

ತಗ್ಗು ಸ್ವರಗಳನ್ನು ಯಾಕೆ ಕಳೆಯಬೇಕು? ಈ ವಿಷಯದಲ್ಲಿ ನನಗೆ ಅತ್ಯಂತ ಸೊಗಸಾಗಿ ಕಾಣುವುದು ಇದರ ಉತ್ತರ. ಅಲೆಯ ತುದಿಗಳು ಚಪ್ಪಟೆಯಾದಾಗ ಒಂದೇ ಸ್ವರ ನುಡಿಸಿದ್ದರೆ ಅದರ ಮೂರು ಪಟ್ಟು, ಐದು ಪಟ್ಟು ಕಂಪನದ ಹಾರ್ಮೋನಿಕ್‌ಗಳು ಹುಟ್ಟುತ್ತವೆ. ಎರಡು ತುದಿಗಳೂ ಸಮವಾಗಿ ಚಪ್ಪಟೆಯಾಗದಿದ್ದರೆ ಎರಡು, ನಾಲ್ಕು ಪಟ್ಟಿನವೂ ಸೇರುತ್ತವೆ. ಇವೆಲ್ಲ ಮೂಲ ಸ್ವರದೊಂದಿಗೆ ಹೊಂದಿಕೊಳ್ಳುವಂಥವು. ಎರಡು ಸ್ವರಗಳನ್ನು ಒಟ್ಟಿಗೆ ನುಡಿಸಿದರೆ ಮಾತ್ರ ಕಥೆ ಬದಲಾಗುತ್ತದೆ. ಆಗ ಅವುಗಳ ಕಂಪನಗಳನ್ನು ಕೂಡಿ ಕಳೆದು ಬರುವ ಹೊಸ ಸ್ವರಗಳೂ ಹುಟ್ಟುತ್ತವೆ, ಅವನ್ನು ಯಾರೂ ಮೀಟಿರುವುದಿಲ್ಲ.

ಐದನೆಯ ತಂತಿಯ ಸ್ವರ ಸೆಕೆಂಡಿಗೆ 110 ಕಂಪನ. ಅದನ್ನು ಷಡ್ಜ ಎಂದುಕೊಂಡರೆ ಪಂಚಮ ಸುಮಾರು 165. ಷಡ್ಜದ ಎರಡು ಪಟ್ಟಿನಿಂದ ಪಂಚಮವನ್ನು ಕಳೆಯಿರಿ: 220ರಲ್ಲಿ 165 ಹೋದರೆ 55. ಅದು ಮೂಲ ಷಡ್ಜದ ಕೆಳಗಿನ ಸ್ಥಾಯಿಯ ಷಡ್ಜ! ಪವರ್ ಕಾರ್ಡ್ ಎನ್ನುವ ಈ ಎರಡು ಸ್ವರಗಳ ಜೋಡಿ ಒಡಕು ದನಿಯಲ್ಲಿ ಅಷ್ಟು ಗಟ್ಟಿಯಾಗಿ, ಅಷ್ಟು ಗಂಭೀರವಾಗಿ ಕೇಳುವುದು ಇದರಿಂದ. ಈಗ ಅಂತರ ಗಾಂಧಾರವನ್ನೂ ಸೇರಿಸಿ ಪೂರ್ತಿ ಮೇಜರ್ ಕಾರ್ಡ್ ಮಾಡಿ. ಗಿಟಾರಿನ ಫ್ರೆಟ್ಟುಗಳ ಲೆಕ್ಕದಲ್ಲಿ ಆ ಗಾಂಧಾರ 138.6. ಅದರ ಎರಡು ಪಟ್ಟಿನಿಂದ 110 ಕಳೆದರೆ 167.2 ಸಿಗುತ್ತದೆ. ಫ್ರೆಟ್ಟಿನ ಪಂಚಮ 164.8ರಲ್ಲಿ ನುಡಿಯುತ್ತಿದೆ. ಇವೆರಡೂ ಪಕ್ಕಪಕ್ಕದಲ್ಲಿ ಉಜ್ಜಾಡುತ್ತಾ ಸೆಕೆಂಡಿಗೆ ಎರಡು ಮೂರು ಬಾರಿ ಅದುರುತ್ತವೆ. ಇಂಥ ಹತ್ತಾರು ಉಜ್ಜಾಟಗಳು ಸೇರಿದಾಗ ಸದ್ದು ಕೆಸರಾಗುತ್ತದೆ. ತಗ್ಗು ತಂತಿಗಳ ಸಿಗ್ನಲ್ ದೊಡ್ಡದಾದ್ದರಿಂದ ಕೆಸರಿನಲ್ಲಿ ಅವುಗಳ ಪಾಲೂ ದೊಡ್ಡದು. ಒಡೆಯುವ ಮುನ್ನವೇ ಅವನ್ನು ತಗ್ಗಿಸಿದರೆ ಕಾರ್ಡಿನ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆ. ಒಡೆದ ಮೇಲೆ ಟೋನ್ ನಾಬ್ ಎಷ್ಟು ತಿರುಗಿಸಿದರೂ ಕೆಸರು ಹೋಗದು.

1970ರ ದಶಕದ ಕೊನೆಯಲ್ಲಿ ಬಂದ ಐಬನೀಜ್ ಟ್ಯೂಬ್ ಸ್ಕ್ರೀಮರ್ ಎಂಬ ಓವರ್‌ಡ್ರೈವ್ ಪೆಡಲ್ ತಗ್ಗು ಸ್ವರ ತಗ್ಗಿಸುವ ಈ ಕೆಲಸವನ್ನು ಎರಡೇ ಬಿಡಿಭಾಗಗಳಿಂದ ಮಾಡುತ್ತದೆ: 4.7 ಕಿಲೋ ಓಮ್‌ನ ಒಂದು ರೆಸಿಸ್ಟರ್, 0.047 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್. ಇವು ಸೇರಿ ಸುಮಾರು 720 ಹರ್ಟ್ಸ್‌ನಲ್ಲಿ ಗೆರೆ ಎಳೆಯುತ್ತವೆ. ಅದರ ಕೆಳಗೆ ಇಳಿದಂತೆ ವರ್ಧನೆ ಕಡಿಮೆಯಾಗುತ್ತ ಹೋಗುತ್ತದೆ. ಕತ್ತರಿಸುವ ಡಯೋಡುಗಳು, ಸಿಗ್ನಲನ್ನು ಹಿಗ್ಗಿಸುವ ಆಪ್‌ಆಂಪ್ ಚಿಪ್ಪಿನ ಫೀಡ್‌ಬ್ಯಾಕ್ ಹಾದಿಯಲ್ಲಿ, ಅಂದರೆ ಹೊರಬಂದ ಸಿಗ್ನಲಿನ ಪಾಲು ಒಳಕ್ಕೆ ಮರಳುವ ದಾರಿಯಲ್ಲಿ ಕುಳಿತಿವೆ. ಹಾಗಾಗಿ ಕತ್ತರಿಸಿದ ಅಲೆಯ ಜೊತೆ ಮೂಲ ಸಿಗ್ನಲೂ ಕೂಡಿಯೇ ಹೊರಬರುತ್ತದೆ, ಬೆರಳಿನ ಒತ್ತಡದ ಏರಿಳಿತ ಅಳಿಸಿಹೋಗುವುದಿಲ್ಲ. ಬಾಸ್ ಕಂಪನಿಯ 1977ರ ಓಡಿ-1 ಮತ್ತು 1981ರ ಎಸ್‌ಡಿ-1 ಇದೇ ಬಳಗದವು. ವ್ಯತ್ಯಾಸವೆಂದರೆ ಒಂದು ಬದಿಗೆ ಒಂದು ಡಯೋಡ್, ಇನ್ನೊಂದು ಬದಿಗೆ ಎರಡು ಇಟ್ಟು ಅಲೆಯನ್ನು ಅಸಮವಾಗಿ ಕತ್ತರಿಸುತ್ತವೆ. ಎಸ್‌ಡಿ-1 ಇಂದಿಗೂ ಸಿಗುವ ಅಗ್ಗದ ಪೆಡಲುಗಳಲ್ಲೊಂದು. ವಾಲ್ವ್ ಆಂಪಿನ ಮುಂದೆ ಒಂದೇ ಒಂದು ಪೆಡಲ್ ಇಡು ಎಂದರೆ ನಾನು ಯಾವ ಹಿಂಜರಿಕೆಯೂ ಇಲ್ಲದೆ ಅದನ್ನೇ ಇಡುತ್ತೇನೆ.

ಹಾಗೆಂದು ಇದು ಎಲ್ಲ ಆಂಪಿಗೂ ಹೊಂದುವುದಿಲ್ಲ. ಫೆಂಡರ್ ಮಾದರಿಯ ಹಲವು ಆಂಪುಗಳ ಟೋನ್ ಸರ್ಕ್ಯೂಟ್ ಮಧ್ಯದ ಕಂಪನಗಳನ್ನು ತಗ್ಗಿಸುತ್ತದೆ. ಟ್ಯೂಬ್ ಸ್ಕ್ರೀಮರ್ ಬಳಗ ಅದೇ ಜಾಗವನ್ನು ಉಬ್ಬಿಸುವುದರಿಂದ ತಗ್ಗಿಗೆ ಮಣ್ಣು ತುಂಬಿದಂತಾಗುತ್ತದೆ. ನಿಮ್ಮ ಆಂಪಿನಲ್ಲಿ ಮಧ್ಯದ ದನಿ ಮೊದಲೇ ಮುಂದಿದ್ದರೆ ಮೂಗಿನಲ್ಲಿ ಹಾಡಿದಂತೆ ಕೇಳೀತು. ಅಂಥ ಕಡೆ ಬಾಸ್ ಬ್ಲೂಸ್ ಡ್ರೈವರ್‌ನಂತಹ, ತಗ್ಗು ಸ್ವರಗಳನ್ನು ಹೆಚ್ಚು ಉಳಿಸುವ ಪೆಡಲ್ ಅಥವಾ ಸಿಗ್ನಲನ್ನು ದೊಡ್ಡದು ಮಾಡುವುದಷ್ಟೇ ಕೆಲಸವಾದ ಬರೀ ಬೂಸ್ಟರ್ ಒಳ್ಳೆಯದು.

ಬೆಲೆಯ ಮಾತಿಗೆ ಬಂದರೆ, ಈ ಸರ್ಕ್ಯೂಟಿನ ಒಳಗೆ ದುಬಾರಿಯಾದದ್ದು ಏನೂ ಇಲ್ಲ. ಎಂಟು ಕಾಲಿನ ಒಂದು ಚಿಪ್, ಎರಡು ಮೂರು ಡಯೋಡ್, ಒಂದಿಷ್ಟು ರೆಸಿಸ್ಟರು ಕೆಪಾಸಿಟರು. ಹಳೆಯ ಜೆಆರ್‌ಸಿ4558 ಚಿಪ್ಪಿನ ಸುತ್ತ ದೊಡ್ಡ ಪುರಾಣವೇ ಬೆಳೆದಿದೆ. ಆದರೆ ಟ್ಯೂಬ್ ಸ್ಕ್ರೀಮರಿನಲ್ಲಿ ಅಲೆಯನ್ನು ಕತ್ತರಿಸುವುದು ಡಯೋಡುಗಳು, ಚಿಪ್ ಬದಲಾದರೆ ಆಗುವ ವ್ಯತ್ಯಾಸ ತೀರ ಸಣ್ಣದು. ಚಿಪ್ ನಿಜವಾಗಿಯೂ ಮುಖ್ಯವಾಗುವ ಪೆಡಲುಗಳೂ ಇವೆ ಎನ್ನಿ. ಹಳೆಯ ಪ್ರೋಕೋ ರ‍್ಯಾಟ್‌ನ ಎಲ್‌ಎಂ308 ಚಿಪ್ ಅಷ್ಟು ನಿಧಾನಗತಿಯದಾದ್ದರಿಂದಲೇ ಆ ಪೆಡಲಿಗೆ ಅದರದೇ ದನಿ ಬಂದಿದೆ. 1994ರ ಕ್ಲಾನ್ ಸೆಂಟಾರ್ ಎಂಬ ಓವರ್‌ಡ್ರೈವ್ ಪೆಡಲ್ ಇಂದು ಹೋಗುವ ದುಬಾರಿ ಬೆಲೆಗೆ ಕಾರಣ ಅದರ ವಿರಳತೆ. ಅದೇ ಸರ್ಕ್ಯೂಟಿನ ಅಗ್ಗದ ಪ್ರತಿಗಳು ಧಾರಾಳವಾಗಿವೆ. ಹಣ ಉಳಿಸಿದ್ದರ ಪೆಟ್ಟು ಬೀಳುವುದು ಬೇರೆಡೆ: ಜ್ಯಾಕ್, ಕಾಲಿನ ಸ್ವಿಚ್, ನಾಬ್‌ಗಳ ಕೆಳಗಿನ ಪೊಟೆನ್ಶಿಯೋಮೀಟರ್. ಜ್ಯಾಕನ್ನು ಪೆಟ್ಟಿಗೆಗೆ ನಟ್ಟಿನಿಂದ ಬಿಗಿಸಿದ್ದರೆ ಕೇಬಲ್ ಎಳೆದಾಟದ ಭಾರವನ್ನು ಲೋಹ ಹೊರುತ್ತದೆ. ಬರೀ ಸರ್ಕ್ಯೂಟ್ ಬೋರ್ಡಿಗೆ ಬೆಸೆದಿದ್ದರೆ ಬೆಸುಗೆಯೇ ಹೊರಬೇಕು.

ಪರೀಕ್ಷಿಸುವಾಗ ಪೆಡಲನ್ನು ನಿಮ್ಮ ಆಂಪಿಗೇ, ನಿಮ್ಮ ಗಿಟಾರಿಗೇ ಜೋಡಿಸಿ. ಗಿಟಾರ್ ಸ್ಪೀಕರ್ ಸುಮಾರು 5,000 ಹರ್ಟ್ಸ್ ದಾಟಿದ ಮೇಲಿನ ದನಿಯನ್ನು ಕಡಿದಾಗಿ ತಗ್ಗಿಸುತ್ತದೆ. ಅದಿಲ್ಲದೆ ನೇರ ಹೆಡ್‌ಫೋನಿನಲ್ಲಿ ಕೇಳಿದರೆ ಒಳ್ಳೆಯ ಪೆಡಲೂ ಜೀರುಂಡೆಯಂತೆ ಕೇಳಿಸುತ್ತದೆ. ಮೆಲ್ಲಗೆ ಮೀಟಿದರೆ ಸ್ವಚ್ಛ, ಗಟ್ಟಿಯಾಗಿ ಮೀಟಿದರೆ ಒಡಕು ಎನ್ನುವ ಗಡಿಗೆ ಆಂಪನ್ನು ತಂದು ನಿಲ್ಲಿಸಿ, ಪೆಡಲಿನ ಡ್ರೈವ್ ಸೊನ್ನೆಗಿಳಿಸಿ ಲೆವೆಲನ್ನು ನಿಧಾನವಾಗಿ ಏರಿಸಿ. ಟ್ಯೂಬ್ ಸ್ಕ್ರೀಮರಿನಲ್ಲಿ ಡ್ರೈವ್ ಸೊನ್ನೆಯಿದ್ದರೂ ಮಧ್ಯದ ಕಂಪನಗಳಿಗೆ ಸುಮಾರು 12 ಪಟ್ಟು ವರ್ಧನೆ ಇರುತ್ತದೆ, ಆದ್ದರಿಂದ ತುಸು ಒಡಕು ಸಹಜ. ಆಮೇಲೆ ಗಿಟಾರಿನ ವಾಲ್ಯೂಮ್ ತಗ್ಗಿಸಿ ನೋಡಿ, ಸದ್ದು ತಿಳಿಯಾಗಬೇಕು. ಎರಡು ಪೆಡಲುಗಳನ್ನು ಹೋಲಿಸುವುದಾದರೆ ಮೊದಲು ಎರಡರ ಸದ್ದೂ ಒಂದೇ ಮಟ್ಟಕ್ಕೆ ಬರಲಿ. ಇಲ್ಲದಿದ್ದರೆ ತುಸು ಜೋರಾದದ್ದೇ ಒಳ್ಳೆಯದೆಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ.

ಅಡಾಪ್ಟರ್ ಸಾಮಾನ್ಯವಾಗಿ 9 ವೋಲ್ಟಿನದು, ನಡುವಿನ ಪಿನ್ ಋಣ. ಪೆಡಲಿನ ಮೇಲಿನ ಗುರುತು ನೋಡಿಯೇ ಚುಚ್ಚಿ. ಪೆಡಲಿನ ತಳ ಬಿಚ್ಚಿ ನೋಡುವ ಕುತೂಹಲ ಒಳ್ಳೆಯದೇ, ಆದರೆ ಅದೇ ಧೈರ್ಯದಲ್ಲಿ ವಾಲ್ವ್ ಆಂಪನ್ನು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಜೀವ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು.

ಬಜೆಟ್ ಇನ್ನೂ ಬಿಗಿಯಿದ್ದರೆ ಬಳಸಿದ ಪೆಡಲಿಗೆ ಹೆದರಬೇಕಿಲ್ಲ. ಡಯೋಡು, ರೆಸಿಸ್ಟರುಗಳು ಹತ್ತಿಪ್ಪತ್ತು ವರ್ಷದಲ್ಲಿ ಸವೆಯುವ ವಸ್ತುಗಳಲ್ಲ. ಆಂಪ್ ಆನ್ ಇಟ್ಟುಕೊಂಡು ಮೂರೂ ನಾಬ್‌ಗಳನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ. ಗರಗರ ಎಂದರೆ ಬಹುಮಟ್ಟಿಗೆ ಒಳಗೆ ಕೂತ ಧೂಳು, ಕಾಂಟ್ಯಾಕ್ಟ್ ಕ್ಲೀನರಿನ ಒಂದು ಚಿಮುಕಿಗೆ ಹೋಗುವಂಥದ್ದು. ಸ್ವಿಚ್ಚನ್ನು ಇಪ್ಪತ್ತು ಸಲ ತುಳಿಯಿರಿ. ಒಂದು ಸಲ ಕೈಕೊಟ್ಟರೂ ಬೆಲೆಯಲ್ಲಿ ಹೊಸ ಸ್ವಿಚ್ಚಿನ ಹಣ ಮುರಿದುಕೊಳ್ಳಿ.