ಗುಂಡಿಗೆ ತುರುಕಿದ ರಟ್ಟಿನ ಚೂರು

ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಶೆಡ್‌ನಲ್ಲಿ ನಾನು ಸೂಪರ್‌ವೈಸರ್ ಆಗಿದ್ದಾಗಿನ ಮಾತು. ಅಲ್ಲೊಂದು ಹಳೇ ಪವರ್ ಪ್ರೆಸ್ ಇತ್ತು. ಅದರ ಡೈ, ಅಂದರೆ ತಗಡಿಗೆ ಆಕಾರ ಕೊಡೋ ಅಚ್ಚು, ತಗಡಿನ ಮೇಲೆ ಇಳಿಯಬೇಕಾದರೆ ಎರಡು ಗುಂಡಿಗಳನ್ನು ಒಟ್ಟಿಗೇ ಒತ್ತಬೇಕು. ಎರಡೂ ಕೈ ಗುಂಡಿಗಳ ಮೇಲಿದ್ದರೆ ಡೈ ಕೆಳಗೆ ಬೆರಳು ಇರೋದಿಲ್ಲ, ಅಷ್ಟೇ ಲೆಕ್ಕ. ಒಂದು ದಿನ ನೋಡಿದರೆ ಎಡಗಡೆ ಗುಂಡಿ ಒತ್ತಿಕೊಂಡೇ ಇತ್ತು. ಸಂದಿಯಲ್ಲಿ ರಟ್ಟಿನ ಚೂರು! ಹೊಸ ಪ್ರೆಸ್‌ಗಳು ಹೀಗೆ ಮಾಡಿದರೆ ಓಡೋದೇ ಇಲ್ಲ. ನಮ್ಮದು ಓಡುತ್ತಿತ್ತು.

"ಎರಡೂ ಕೈಲೆ ಒತ್ತಿದ್ರ ಪೀಸ್ ಕಮ್ಮಿ ಬೀಳ್ತಾವ್ರಿ" ಅಂದ ಆಪರೇಟರ್. ಅವನ ಪಗಾರ ಪೀಸ್ ಲೆಕ್ಕದ್ದು. ಬೈದು ಚೂರು ಕಿತ್ತೆಸೆದರೆ ನಾಳೆ ಇನ್ನೊಂದು ಬರುತ್ತೆ, ಅಲ್ವಾ?

ಕೆಲಸದ ಜಾಗದಲ್ಲಿ ಎಲ್ಲರೂ ಸುರಕ್ಷತೆಗೆ ಎಷ್ಟು ಬೆಲೆ ಕೊಡುತ್ತಾರೆ ಅನ್ನೋದಕ್ಕೆ 'ಸುರಕ್ಷತಾ ಸಂಸ್ಕೃತಿ' ಅಂತಾರೆ. ಆ ಮಾತು ಚಾಲ್ತಿಗೆ ಬಂದಿದ್ದು 1986ರ ಚೆರ್ನೋಬಿಲ್ ಅಣುಸ್ಥಾವರದ ದುರಂತದ ನಂತರ. ಅಲ್ಲಿ ನಿಯಮ ಮೀರಿದ್ದು ನಿಜ. ಆದರೆ ರಿಯಾಕ್ಟರನ್ನು ಹತೋಟಿಯಲ್ಲಿಡೋ ಕಂಟ್ರೋಲ್ ರಾಡ್‌ಗಳಲ್ಲೇ ದೋಷವಿತ್ತು. 1983ರಲ್ಲಿ ಲಿಥುವೇನಿಯಾದ ಅದೇ ಮಾದರಿಯ ಸ್ಥಾವರದಲ್ಲಿ ಅದು ಕಣ್ಣಿಗೂ ಬಿದ್ದಿತ್ತು. ಚೆರ್ನೋಬಿಲ್‌ನಲ್ಲಿ ಆ ರಾತ್ರಿ ಪಾಳಿಯಲ್ಲಿದ್ದವರಿಗೆ ಮಾತ್ರ ಅದರ ಅಪಾಯ ಗೊತ್ತಿರಲಿಲ್ಲ. ನನ್ನನ್ನು ತುಂಬಾ ಕಾಡೋದು ಇದೇ. ಗೊತ್ತಿದ್ದ ಸುದ್ದಿ, ಬೇಕಾದವರಿಗೆ ಮುಟ್ಟಲಿಲ್ಲ.

ಮನಶ್ಶಾಸ್ತ್ರಜ್ಞ ಪ್ಯಾಟ್ರಿಕ್ ಹಡ್ಸನ್ ಸುರಕ್ಷತಾ ಸಂಸ್ಕೃತಿಗೆ ಐದು ಮೆಟ್ಟಿಲು ಹೇಳುತ್ತಾರೆ. ಎಲ್ಲಕ್ಕಿಂತ ಕೆಳಗಿನದರಲ್ಲಿ, ನಿಯಮ ಮೀರಿ ಸಿಕ್ಕಿಬೀಳದಿದ್ದರೆ ಸಾಕು ಅನ್ನೋ ಧೋರಣೆ. ಎರಡನೆಯದರಲ್ಲಿ ಬೆರಳು ಹೋದ ಮೇಲೆ ಓಡಾಟ. ಮೂರನೆಯದು ಫಾರ್ಮು, ರಜಿಸ್ಟರಿನ ಹಂತ. ಜಾಸ್ತಿ ಕಾರ್ಖಾನೆಗಳು ನಿಂತುಬಿಡೋದು ಇಲ್ಲೇ ಅಂತ ನನಗನಿಸುತ್ತದೆ. ಗೇಟಿನಲ್ಲಿ 'ಅಪಘಾತ ಸೊನ್ನೆ' ಬೋರ್ಡು, ಸೊನ್ನೆ ಉಳಿದರೆ ಬೋನಸ್ಸು. ಆಗ ಸಣ್ಣ ಗಾಯಕ್ಕೆ ಸುಮ್ನೆ ಬಟ್ಟೆ ಸುತ್ತಿಕೊಳ್ಳುತ್ತಾರೆ. "ಸ್ವಲ್ಪದರಾಗ ತಪ್ತು ನೋಡು" ಅನ್ನೋ ಮಾತು ಚಹಾದಂಗಡಿಯಲ್ಲಿ ಕೇಳುತ್ತದೆ, ರಜಿಸ್ಟರಿನಲ್ಲಿ ಕಾಣೋದಿಲ್ಲ. ನಾಲ್ಕನೆಯದರಲ್ಲಿ ಇಂಥ ಮಾತನ್ನು ಹುಡುಕಿಕೊಂಡು ಹೋಗುತ್ತಾರೆ. ಐದನೆಯದರಲ್ಲಿ ಅದು ಎಲ್ಲರಿಗೂ ದಿನದ ರೂಢಿ.

ನಮ್ಮ ಮಾಲೀಕರು ಒಂದು ಒಳ್ಳೇ ಕೆಲಸ ಮಾಡಿದರು. ಆ ಪ್ರೆಸ್ಸಿಗೆ ಪೀಸ್ ಲೆಕ್ಕ ತೆಗೆದು ದಿನದ ಪಗಾರ ಮಾಡಿದರು. ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ. "ಮಷಿನ್ ನಿಲ್ಲಿಸಿ ಹೇಳಿದವರ ಪಗಾರ ಕಟ್ ಇಲ್ಲ" ಅಂತ ಎಲ್ಲರ ಮುಂದೆ ಹೇಳಿದರು. ಮೊದಮೊದಲು ಯಾರೂ ನಂಬಲಿಲ್ಲ.

ತಿಂಗಳೊಂದಾಗಿತ್ತು. ಪಾಳಿಯ ನಡುವೆ ಪ್ರೆಸ್ ಸದ್ದು ನಿಂತಿತು. ಅದೇ ಆಪರೇಟರ್ ಕೈ ಒರೆಸಿಕೊಳ್ಳುತ್ತಾ ಬಂದ. "ಸರ, ಬಲಗಡೆ ಗುಂಡಿ ತಾನಾ ಜಾಮ್ ಆಗಾಕತ್ತೈತ್ರಿ. ಮೇನ್ ಬಂದ್ ಮಾಡೀನಿ. ಬಂದು ನೋಡ್ರಿ."