ಚೀನೀ ಹೊಸ ವರ್ಷಕ್ಕೆ ಕೆಂಪು ಚಿಯೊಂಗ್‌ಸಾಮ್ ಹಾಕಲೇಬೇಕಾ?

ಓದುಗರ ಪ್ರಶ್ನೆ: "ನಾವು ಸಿಂಗಾಪುರದಲ್ಲಿದ್ದೇವೆ. ಪಕ್ಕದ ಮನೆಯ ಚೀನೀಯರು ಹೊಸ ವರ್ಷಕ್ಕೆ ಊಟಕ್ಕೆ ಕರೆದಿದ್ದಾರೆ. ಅವರ ಸಾವಿರಾರು ವರ್ಷಗಳ ಸಾಂಪ್ರದಾಯಿಕ ಉಡುಪಾದ ಚಿಯೊಂಗ್‌ಸಾಮ್ ಹಾಕಿಕೊಂಡು ಹೋಗಬೇಕು, ಅದೂ ಕೆಂಪು ಬಣ್ಣದ್ದೇ ಆಗಬೇಕು ಅಂತಾರೆ. ನಿಜವಾ? ಬೇರೆ ಹಬ್ಬಗಳಿಗೆ ಬೇರೆ ಬಣ್ಣ ಇದೆಯಾ?"

ಜನವರಿ ಬಂತು ಅಂದರೆ ಈ ಪ್ರಶ್ನೆಯೂ ಬಂತು. ಒಂದು ವರ್ಷ ಸಿಂಗಾಪುರದಿಂದ, ಇನ್ನೊಂದು ವರ್ಷ ಕ್ವಾಲಾಲಂಪುರದಿಂದ. ಒಂದು ಸಲವಂತೂ ಬೆಂಗಳೂರಿನಿಂದಲೇ ಬಂದಿತ್ತು, ಆಫೀಸಿನ ವಿಡಿಯೊ ಕಾಲ್‌ಗೆ ಏನು ಹಾಕಲಿ ಅಂತ. ಸೊಂಟದ ಮೇಲೆ ಮಾತ್ರ ಕಾಣುವ ಕಾಲ್‌ಗೆ!

ಅವಸರದಲ್ಲಿರುವವರಿಗೆ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಚಿಯೊಂಗ್‌ಸಾಮ್ ಬೇಕಿಲ್ಲ. ಕೆಂಪು ಇದ್ದರೆ ಚೆಂದ. ಇಲ್ಲದಿದ್ದರೆ ಕಿತ್ತಳೆ, ಗುಲಾಬಿ, ಹೊಂಬಣ್ಣ ಯಾವುದಾದರೂ ನಡೆಯುತ್ತದೆ. ಅಡಿಯಿಂದ ಮುಡಿವರೆಗೆ ಬರೀ ಕಪ್ಪು ಅಥವಾ ಬರೀ ಬಿಳಿ ಮಾತ್ರ ಬೇಡ. ಬಣ್ಣಕ್ಕಿಂತ ಮುಖ್ಯ ಬಟ್ಟೆ ಹೊಸದಾಗಿರೋದು. ಯುಗಾದಿಗೆ ನಮ್ಮಲ್ಲಿ ಹೇಗೋ ಅಲ್ಲೂ ಹಾಗೆ. ಕೈಯಲ್ಲಿ ಮ್ಯಾಂಡರಿನ್ ಕಿತ್ತಳೆ ಹಿಡಿದುಕೊಂಡು ಹೋಗಿ; ಒಂದಲ್ಲ, ಎರಡು. ಕೆಂಪು ಸೆರಗಿನ ಇಳಕಲ್ ಸೀರೆ ಉಟ್ಟು ಹೋದರೆ ಆ ಮನೆಯ ಅಜ್ಜಿ ಸೆರಗು ಮುಟ್ಟಿ ನೋಡದೆ ಬಿಡುವುದಿಲ್ಲ. ರೇಷ್ಮೆ ನಮಗೆ ಎಲ್ಲಿಂದ ಬಂತು ಅನ್ನೋದು ನಮ್ಮ ನಿಘಂಟಿನಲ್ಲೇ ಇದೆ: ರೇಷ್ಮೆ ಬಟ್ಟೆಗೆ 'ಚೀನಾಂಬರ' ಅನ್ನೋ ಹೆಸರು.

ನನ್ನ ತಲೆ ಕೆಡಿಸಿರುವುದು ಪ್ರಶ್ನೆಯಲ್ಲಿರುವ "ಸಾವಿರಾರು ವರ್ಷಗಳ" ಅನ್ನೋ ಎರಡು ಪದ. ಎಷ್ಟು ಸಲ ಉತ್ತರ ಬರೆದರೂ ಮುಂದಿನ ಜನವರಿಗೆ ಅವು ಹಾಗೇ ವಾಪಸ್ ಬರುತ್ತವೆ.

ಚಿಯೊಂಗ್‌ಸಾಮ್ ಅಂದರೆ ಮೈಗೆ ಅಂಟುವ, ಪಕ್ಕದಲ್ಲಿ ಸೀಳಿರುವ ಒಂದೇ ತುಂಡಿನ ಉಡುಪು. ಅದು ದಕ್ಷಿಣ ಚೀನಾದ ಕ್ಯಾಂಟನೀಸ್ ಭಾಷೆಯ ಹೆಸರು. 'ಉದ್ದ ಅಂಗಿ' ಅಂತ ಅರ್ಥ. ಅದೇ ಉಡುಪಿಗೆ ಚೀನಾದ ಮುಖ್ಯ ಭಾಷೆ ಮ್ಯಾಂಡರಿನ್‌ನಲ್ಲಿ ಚಿಪಾವೊ ಅಂತಾರೆ, ಅಂದರೆ 'ಬಾವುಟದ ನಿಲುವಂಗಿ'. ಬಟ್ಟೆಗೂ ಬಾವುಟಕ್ಕೂ ಏನು ಸಂಬಂಧ? ಈಶಾನ್ಯ ದಿಕ್ಕಿನ ಮಂಚು ಜನ 1644ರಲ್ಲಿ ಬೀಜಿಂಗ್ ಹಿಡಿದು ಚಿಂಗ್ ರಾಜವಂಶದ ಆಳ್ವಿಕೆ ಶುರು ಮಾಡಿದರು. ಅವರ ಸೈನ್ಯ, ಸಂಸಾರ, ಸಂಬಳ ಎಲ್ಲವೂ ಎಂಟು ಬಾವುಟಗಳ ಕೆಳಗೆ ಹಂಚಿಕೆಯಾಗಿತ್ತು. ಹಾಗಾಗಿ ಅವರಿಗೆ 'ಬಾವುಟದವರು' ಅಂತಲೇ ಹೆಸರು. ಆ ಬಾವುಟದವರು ಹಾಕುತ್ತಿದ್ದ ನಿಲುವಂಗಿ ಚಿಪಾವೊ.

ಗಮನಿಸಿದಿರಾ? ಹೆಸರಿನಲ್ಲೇ ಇದೆ, ಇದು ಆಳಲು ಬಂದ ಮಂಚು ಜನರ ಬಟ್ಟೆ ಅಂತ. ದೇಶದ ಬಹುಪಾಲು ಜನ ಹಾನ್ ಚೀನೀಯರು. ಅವರಲ್ಲಿ ಗಂಡಸರನ್ನು ಹೊಸ ಅರಸರು ಬಿಡಲಿಲ್ಲ. 1645ರಲ್ಲಿ ಕಟ್ಟಾಜ್ಞೆ ಬಂತು: ಮುಂದಲೆ ಬೋಳಿಸಬೇಕು, ಹಿಂದೆ ಉದ್ದ ಜಡೆ ಬಿಡಬೇಕು. 'ಕೂದಲು ಉಳಿಸಿಕೊಂಡರೆ ತಲೆ ಇಲ್ಲ, ತಲೆ ಉಳಿಸಿಕೊಂಡರೆ ಕೂದಲಿಲ್ಲ' ಅನ್ನೋ ಮಾತು ಹುಟ್ಟಿದ್ದು ಆಗಲೇ. ಮಾತು ಬರೀ ಮಾತಾಗಿರಲಿಲ್ಲ, ತಲೆಗಳು ನಿಜಕ್ಕೂ ಉರುಳಿದವು. ಉಡುಪೂ ಮಂಚು ರೀತಿಯದ್ದೇ ಆಗಬೇಕಾಯಿತು.

ಹೆಂಗಸರಿಗೆ ಈ ಆಜ್ಞೆ ಇರಲಿಲ್ಲ. 'ಗಂಡಸರು ಬಾಗಬೇಕು, ಹೆಂಗಸರು ಬೇಕಿಲ್ಲ' ಅಂತ ಚೀನೀಯರಲ್ಲಿ ಒಂದು ಹೇಳಿಕೆಯೇ ಇದೆ. ಹಾಗಾಗಿ ಚಿಂಗ್ ಕಾಲದ ಇನ್ನೂರೈವತ್ತಕ್ಕೂ ಜಾಸ್ತಿ ವರ್ಷ ಹಾನ್ ಹೆಂಗಸರು ತಮ್ಮ ಹಳೆಯ ಎರಡು ತುಂಡಿನ ಉಡುಪನ್ನೇ ಹಾಕಿದರು. ಮೇಲೊಂದು ಅಂಗಿ, ಕೆಳಗೊಂದು ನೆರಿಗೆ ಲಂಗ ಅಥವಾ ಸಡಿಲ ಪೈಜಾಮ. 1880ರ ಒಬ್ಬ ಸಾಮಾನ್ಯ ಹಾನ್ ಅಜ್ಜಿಯ ಮುಂದೆ ಇವತ್ತಿನ ಚಿಪಾವೊ ಹಿಡಿದು "ಅಜ್ಜಿ, ಇದು ನಿಮ್ಮ ಸಾವಿರಾರು ವರ್ಷಗಳ ಸಂಪ್ರದಾಯ" ಅಂದರೆ, ಆಕೆ "ಲಂಗ ಎಲ್ಲಿ ಮಗಾ?" ಅಂತ ಕೇಳುತ್ತಿದ್ದರು.

"ಸರಿ, ಹಾನ್ ಅಲ್ಲದಿದ್ದರೆ ಮಂಚು ಹೆಂಗಸರದ್ದಾದರೂ ಆಯಿತಲ್ಲ, ಹಳೆಯದು ಹಳೆಯದೇ" ಅಂತ ವಾದಿಸುವವರಿದ್ದಾರೆ. ಇಲ್ಲ ಸ್ವಾಮಿ, ಅದೂ ಅಲ್ಲ. ಮಂಚು ಹೆಂಗಸರ ನಿಲುವಂಗಿ ಡೇರೆಯ ಹಾಗೆ ಸಡಿಲ. ಭುಜದಿಂದ ನೇರ ಕೆಳಗೆ ಇಳಿದು ಪಾದ ಮುಟ್ಟುತ್ತಿತ್ತು. ಸೊಂಟ ಎಲ್ಲಿದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ಮೈಗೆ ಅಂಟಿದ, ತೊಡೆಯವರೆಗೆ ಸೀಳಿದ, ತೋಳಿಲ್ಲದ ಉಡುಪನ್ನು ಆ ಅರಮನೆಯಲ್ಲಿ ಯಾರೂ ಕನಸಿನಲ್ಲೂ ಕಂಡಿರಲಿಲ್ಲ.

ಇವತ್ತಿನ ಚಿಪಾವೊ ಹುಟ್ಟಿದ್ದು 1920ರ ದಶಕದಲ್ಲಿ, ಮುಖ್ಯವಾಗಿ ಶಾಂಘೈನಲ್ಲಿ. 1912ರಲ್ಲಿ ಕೊನೆಯ ಚಕ್ರವರ್ತಿ ಪಟ್ಟ ಬಿಟ್ಟಾಗಿತ್ತು. ಹೆಣ್ಣುಮಕ್ಕಳು ಕಾಲೇಜಿಗೆ ಹೋಗತೊಡಗಿದ್ದರು. ಓದಿದ ಗಂಡಸರು ಹಾಕುತ್ತಿದ್ದ ಉದ್ದ ನಿಲುವಂಗಿಯನ್ನು ಅವರೂ ಹಾಕಿದರು. ನೀವು ಹಾಕುವುದನ್ನು ನಾವ್ಯಾಕೆ ಹಾಕಬಾರದು ಅನ್ನೋದು ಅದರ ಹಿಂದಿನ ಮಾತು. ಶುರುವಿನಲ್ಲಿ ಅದು ಸಡಿಲವಾಗಿಯೇ ಇತ್ತು, ತೋಳು ಗಂಟೆಯ ಆಕಾರದಲ್ಲಿ ಅಗಲ. ಆಮೇಲೆ ಶಾಂಘೈ ಟೈಲರ್‌ಗಳು ಪಾಶ್ಚಾತ್ಯ ಕತ್ತರಿ ಕೆಲಸ ಕಲಿತರು. 1930ರ ದಶಕದ ಹೊತ್ತಿಗೆ ಸೊಂಟ ಬಿಗಿಯಾಯಿತು, ಪಕ್ಕದ ಸೀಳು ಒಂದು ವರ್ಷ ಮೇಲೆ, ಒಂದು ವರ್ಷ ಕೆಳಗೆ. ಕ್ಯಾಲೆಂಡರ್ ಮೇಲಿನ ಸುಂದರಿಯರೆಲ್ಲ ಅದನ್ನೇ ತೊಟ್ಟರು. 1929ರಲ್ಲಿ ಆಗಿನ ಸರ್ಕಾರ ಉಡುಪಿನ ನಿಯಮ ಮಾಡಿದಾಗ ಅದಕ್ಕೂ ಜಾಗ ಕೊಟ್ಟಿತು.

ಈಗ ಲೆಕ್ಕ ಹಾಕಿ. ನಮ್ಮ ಮೈಸೂರು ಸ್ಯಾಂಡಲ್ ಸೋಪಿನ ಕತೆ 1916ರಿಂದ ಶುರುವಾಗುತ್ತದೆ. ಸೋಪಿಗಿಂತ ಚಿಕ್ಕ ವಯಸ್ಸಿನ ಉಡುಪನ್ನು ಹಿಡಿದುಕೊಂಡು ಸಾವಿರಾರು ವರ್ಷ ಅಂದರೆ ಹೇಗೆ?

ಆ ನೂರು ವರ್ಷವೂ ಸುಮ್ನೆ ಕಳೆದಿಲ್ಲ. 1949ರಲ್ಲಿ ಕಮ್ಯುನಿಸ್ಟರು ಅಧಿಕಾರಕ್ಕೆ ಬಂದ ನಂತರ ಚೀನಾದಲ್ಲಿ ಚಿಪಾವೊ ಹಣವಂತರ ಬಟ್ಟೆ ಅನ್ನಿಸಿಕೊಂಡಿತು. ಅಧ್ಯಕ್ಷ ಲಿಯು ಶಾವೊಚಿ ಅವರ ಹೆಂಡತಿ ವಾಂಗ್ ಗ್ವಾಂಗ್‌ಮೇ 1963ರಲ್ಲಿ ಗಂಡನ ಜೊತೆ ಇಂಡೋನೇಷ್ಯಾಕ್ಕೆ ಹೋದಾಗ ಚಿಪಾವೊ ಹಾಕಿದ್ದರು. ಮಾವೊ ಶುರು ಮಾಡಿದ ಸಾಂಸ್ಕೃತಿಕ ಕ್ರಾಂತಿಯ ಗದ್ದಲದಲ್ಲಿ, 1967ರಲ್ಲಿ, ಕೆಂಪು ಕಾವಲುಪಡೆಯ ವಿದ್ಯಾರ್ಥಿಗಳು ಆಕೆಗೆ ಬಲವಂತವಾಗಿ ಚಿಪಾವೊ ತೊಡಿಸಿ, ಮುತ್ತಿನ ಹಾರದ ಅಣಕಕ್ಕೆ ಪಿಂಗ್‌ಪಾಂಗ್ ಚೆಂಡುಗಳ ಹಾರ ಹಾಕಿ, ಜನರ ಮುಂದೆ ನಿಲ್ಲಿಸಿದರು. ಆ ಕಾಲದಲ್ಲಿ ಚಿಪಾವೊ ಉಳಿದದ್ದು ಹಾಂಗ್‌ಕಾಂಗ್, ತೈವಾನ್, ಮತ್ತು ನೀವಿರುವ ಸಿಂಗಾಪುರದಂಥ ಕಡೆ. ಅದಕ್ಕೇ ನಿಮ್ಮ ಕಣ್ಣಿಗೆ ಅದು ಜಾಸ್ತಿ ಬೀಳುತ್ತದೆ. ಸಿಂಗಾಪುರದಲ್ಲಿ ಹೊಸ ವರ್ಷಕ್ಕೆ ಹುಡುಗಿಯರು ಖುಷಿಯಿಂದ ಹಾಕುತ್ತಾರೆ. ಚೀನಾದ ಹಳ್ಳಿಯಲ್ಲಿ ಹಬ್ಬದ ದಿನ ಹುಡುಕಿದರೆ ಕಾಣೋದು ಹೊಸ ಜಾಕೆಟ್, ಹೊಸ ಪ್ಯಾಂಟು. ಫೆಬ್ರವರಿ ಚಳಿಯಲ್ಲಿ ತೊಡೆ ಸೀಳಿದ ರೇಷ್ಮೆ ಯಾರಿಗೆ ಬೇಕು?

ಗಂಡಸರ 'ಟಾಂಗ್ ಸೂಟ್' ಬಗ್ಗೆಯೂ ಒಂದು ಮಾತು. ಹೆಸರು ನೋಡಿ 618ರಿಂದ 907ರವರೆಗೆ ಆಳಿದ ಟಾಂಗ್ ರಾಜವಂಶದ ಬಟ್ಟೆ ಅಂದುಕೊಳ್ಳುತ್ತಾರೆ. ಅಲ್ಲ. 2001ರಲ್ಲಿ ಶಾಂಘೈನಲ್ಲಿ ನಡೆದ, ಪೆಸಿಫಿಕ್ ಸುತ್ತಲಿನ ದೇಶಗಳ ಆರ್ಥಿಕ ಕೂಟ ಎಪೆಕ್‌ನ ಶೃಂಗಸಭೆಗೆ ಬಂದ ದೇಶಗಳ ನಾಯಕರಿಗೆಲ್ಲ ಹೊಲಿಸಿಕೊಟ್ಟ ಜಾಕೆಟ್ ಅದು. ಚಿಂಗ್ ಕಾಲದ ಕುದುರೆ ಸವಾರಿಯ ಮೇಲಂಗಿಯನ್ನು ತಿದ್ದಿ ತೀಡಿ ಮಾಡಿದ್ದು. ಹೊರದೇಶದ ಚೀನೀಯರು ತಮ್ಮನ್ನು 'ಟಾಂಗ್ ಜನ' ಅಂದುಕೊಳ್ಳುವುದರಿಂದ ಆ ಹೆಸರು.

ಹಾಗಾದರೆ ನಿಜಕ್ಕೂ ಹಳೆಯದು ಯಾವುದು? ಹಾನ್‌ಫು. ಕೊರಳಪಟ್ಟಿ ಎದೆಯ ಮೇಲೆ ಅಡ್ಡ ಹಾಯುವ ಅಂಗಿ, ಅಗಲ ತೋಳು, ಸೊಂಟಕ್ಕೆ ಪಟ್ಟಿ. ಎಡಭಾಗ ಮೇಲೆ ಬಂದು ಬಲಕ್ಕೆ ಕಟ್ಟಬೇಕು. ಉಲ್ಟಾ ಕಟ್ಟಿದರೆ ಹೆಣಕ್ಕೆ ಉಡಿಸಿದ ಹಾಗೆ. ಕನ್ಫ್ಯೂಷಿಯಸ್ ಕೂಡ ಮಂತ್ರಿ ಗುವಾನ್ ಝೊಂಗ್‌ನನ್ನು ಹೊಗಳುತ್ತಾ, ಆತ ಇರದಿದ್ದರೆ ನಾವೆಲ್ಲ ಕೂದಲು ಕೆದರಿಕೊಂಡು ಎಡಕ್ಕೆ ಅಂಗಿ ಕಟ್ಟುತ್ತಿದ್ದೆವು ಅಂದಿದ್ದರು. ಅಂದರೆ ಅನಾಗರಿಕರಾಗಿರುತ್ತಿದ್ದೆವು ಅಂತ. ಮೂರು ಶತಮಾನ ಮೂಲೆ ಸೇರಿದ್ದ ಈ ಉಡುಪನ್ನು 2003ರಲ್ಲಿ ಜೆಂಗ್‌ಜೌ ನಗರದ ಒಬ್ಬ ಯುವಕ ಹಾಕಿಕೊಂಡು ಬೀದಿಯಲ್ಲಿ ನಡೆದ. ಸುದ್ದಿಯಾಯಿತು. ಈಗ ಅದು ದೊಡ್ಡ ವ್ಯಾಪಾರ. ಅದರಲ್ಲೂ 'ಕುದುರೆಮುಖ' ಅನ್ನೋ ನೆರಿಗೆ ಲಂಗ (ನಮ್ಮ ಚಿಕ್ಕಮಗಳೂರಿನ ಕುದುರೆಮುಖ ಅಲ್ಲ) ಇತ್ತೀಚಿನ ಹೊಸ ವರ್ಷಗಳಲ್ಲಿ ಹುಡುಗಿಯರ ಅಚ್ಚುಮೆಚ್ಚು. 2022ರಲ್ಲಿ ಡಿಯೋರ್ ಕಂಪನಿ ಹೆಚ್ಚುಕಡಿಮೆ ಹಾಗೇ ಕಾಣುವ ಲಂಗ ಮಾರಿದಾಗ ಪ್ಯಾರಿಸ್ಸಿನ ಅಂಗಡಿ ಮುಂದೆ ಚೀನೀ ವಿದ್ಯಾರ್ಥಿಗಳು ಪ್ರತಿಭಟನೆ ಮಾಡಿದ್ದರು. ಈ ಲಂಗಗಳು ರಾಶಿ ರಾಶಿ ತಯಾರಾಗೋದು ಶಾನ್‌ಡಾಂಗ್ ಪ್ರಾಂತ್ಯದ ತ್ಸಾವ್ ಕೌಂಟಿಯಲ್ಲಿ. ಆ ಊರಿನ ಇನ್ನೊಂದು ಹೆಸರುವಾಸಿ ಉದ್ಯಮ ಜಪಾನಿಗೆ ಶವಪೆಟ್ಟಿಗೆ ಮಾಡಿ ಕಳಿಸೋದು. ಎರಡೂ ಚೆನ್ನಾಗಿ ನಡೆಯುತ್ತಿವೆ.

ಇನ್ನು ಬಣ್ಣ. ಕೆಂಪು ಶುಭ, ಅದರಲ್ಲಿ ಎರಡು ಮಾತಿಲ್ಲ. ಷೇರುಪೇಟೆಯಲ್ಲೂ ಶಾಂಘೈನಲ್ಲಿ ದರ ಏರಿದರೆ ಕೆಂಪು, ಇಳಿದರೆ ಹಸಿರು. ಆದರೆ ಕೆಂಪು ನಿಜಕ್ಕೂ ಕಡ್ಡಾಯ ಆಗೋದು ಕಾಣದ ಜಾಗದಲ್ಲಿ. ಚೀನೀ ಪಂಚಾಂಗದಲ್ಲಿ ಪ್ರತಿ ವರ್ಷಕ್ಕೂ ಒಂದು ಪ್ರಾಣಿಯ ಹೆಸರು; ಹನ್ನೆರಡು ವರ್ಷಕ್ಕೊಮ್ಮೆ ನೀವು ಹುಟ್ಟಿದ ಪ್ರಾಣಿಯ ವರ್ಷ ವಾಪಸ್ ಬರುತ್ತದೆ. ಅದು ಒಳ್ಳೆಯ ವರ್ಷ ಅಂದುಕೊಂಡರೆ ತಪ್ಪು, ಗ್ರಹಚಾರದ ವರ್ಷ. ರಕ್ಷಣೆಗೆ ಕೆಂಪು ಒಳಉಡುಪು, ಕೆಂಪು ಕಾಲುಚೀಲ, ಕೆಂಪು ಬೆಲ್ಟು. 2026ರ ಫೆಬ್ರವರಿ 17ಕ್ಕೆ ಶುರುವಾಗೋದು ಕುದುರೆ ವರ್ಷ. 1978, 1990, 2002ರ ಕುದುರೆ ವರ್ಷಗಳಲ್ಲಿ ಹುಟ್ಟಿದವರಿಗೆ ಅಮ್ಮಂದಿರು ಪ್ಯಾಕೆಟ್ಟುಗಟ್ಟಲೆ ಕೆಂಪು ಚಡ್ಡಿ ಕೊಡಿಸುತ್ತಾರೆ.

ಬಿಳಿ ಸಾವಿನ ಬಣ್ಣ ಅನ್ನೋದೂ ನಿಜ. ಆದರೆ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡವರಿಗೆ ಒಂದು ಚಿತ್ರ ಕೊಡುತ್ತೇನೆ. ಚಿಂಗ್‌ಗಿಂತ ಮುಂಚೆ ಆಳಿದ ಮಿಂಗ್ ರಾಜವಂಶದ ಕಾಲದ ಬೀಜಿಂಗ್ ಬಗ್ಗೆ 1635ರಲ್ಲಿ ಬಂದ ಒಂದು ಪುಸ್ತಕದಲ್ಲಿ, ಲಾಟೀನು ಹಬ್ಬದ ಹೊತ್ತಿಗೆ ಹೆಂಗಸರು ಬಿಳಿ ರೇಷ್ಮೆ ಅಂಗಿ ತೊಟ್ಟು, ಗುಂಪು ಗುಂಪಾಗಿ ರಾತ್ರಿ ನಡೆಯುತ್ತಾ ಸೇತುವೆ ದಾಟುತ್ತಿದ್ದರು ಅಂತಿದೆ. ಹಾಗೆ ನಡೆದರೆ ವರ್ಷವಿಡೀ ಸೊಂಟ ನೋವು, ಕಾಲು ನೋವು ಬರಲ್ಲ ಅನ್ನೋ ನಂಬಿಕೆ. ಹೊಸ ವರ್ಷದ ಮೊದಲ ಹುಣ್ಣಿಮೆ, ಬೆಳದಿಂಗಳಲ್ಲಿ ಬಿಳಿ ರೇಷ್ಮೆ. ನಾನಾಗಿದ್ದರೆ ಕೆಂಪಿಗಿಂತ ಅದನ್ನೇ ಆರಿಸುತ್ತಿದ್ದೆ.

ಹಬ್ಬಕ್ಕೊಂದು ಉಡುಪು ಅನ್ನೋದು ಸರಿಯಾಗಿ ಇದ್ದದ್ದು ಅದೇ ಮಿಂಗ್ ಅರಮನೆಯಲ್ಲಿ. ಅಲ್ಲಿನ ಖೋಜಾ ಒಬ್ಬ ಎಲ್ಲವನ್ನೂ ಬರೆದಿಟ್ಟಿದ್ದಾನೆ. ಎದೆ ಮೇಲಿನ ಕಸೂತಿ ಚೌಕ ಹಬ್ಬಕ್ಕೆ ತಕ್ಕ ಹಾಗೆ ಬದಲಾಗುತ್ತಿತ್ತು. ವರ್ಷದ ಕೊನೆಗೆ ಸೋರೆಬುರುಡೆ, ಲಾಟೀನು ಹಬ್ಬಕ್ಕೆ ಲಾಟೀನು, ಏಳನೇ ತಿಂಗಳ ಏಳಕ್ಕೆ ಮ್ಯಾಗ್‌ಪೈ ಹಕ್ಕಿಗಳ ಸೇತುವೆ, ಒಂಬತ್ತರ ಒಂಬತ್ತಕ್ಕೆ ಸೇವಂತಿಗೆ. ಜನಸಾಮಾನ್ಯರಲ್ಲಿ ಇವತ್ತಿಗೂ ಉಳಿದಿರುವುದು ಐದನೇ ತಿಂಗಳ ಐದರ ದುವಾನ್‌ವು ಹಬ್ಬದ್ದು. ನಾವು ಡ್ರ್ಯಾಗನ್ ದೋಣಿ ಹಬ್ಬ ಅಂತೀವಲ್ಲ, ಅದೇ. ಮಕ್ಕಳ ಕೈಗೆ ಹಸಿರು, ಕೆಂಪು, ಹಳದಿ, ಬಿಳಿ, ಕಪ್ಪು ಐದು ಬಣ್ಣದ ದಾರ ಕಟ್ಟುತ್ತಾರೆ. ಹಬ್ಬದ ನಂತರ ಮೊದಲ ಮಳೆ ಬಂದಾಗ ಬಿಚ್ಚಿ ನೀರಿಗೆ ಬಿಡುತ್ತಾರೆ, ಕಾಯಿಲೆಯೂ ಹೋಗಲಿ ಅಂತ. ಚಿಂಗ್‌ಮಿಂಗ್ ಹಬ್ಬದಲ್ಲಿ ಹಿರಿಯರ ಸಮಾಧಿ ಗುಡಿಸಲು ಹೋಗುವಾಗ ಕೆಂಪು ಬೇಡ, ಸಾದಾ ಬಟ್ಟೆ ಸಾಕು. ಹಸಿರು ಯಾವಾಗ ಬೇಕಾದರೂ ಹಾಕಿ, ಗಂಡಸರು ತಲೆಗೆ ಮಾತ್ರ ಹಾಕಬೇಡಿ. 'ಹಸಿರು ಟೋಪಿ ಹಾಕಿದ' ಅಂದರೆ ಹೆಂಡತಿ ಮೋಸ ಮಾಡಿದ್ದಾಳೆ ಅಂತ.

ಬಟ್ಟೆ ಕೇಳಿದಿರಿ, ಕೂದಲು ಯಾರೂ ಕೇಳಲಿಲ್ಲ. ಕೇಳಬೇಕಿತ್ತು. ಚೀನೀ ಮೊದಲ ತಿಂಗಳಲ್ಲಿ ಕಟಿಂಗ್ ಮಾಡಿಸಿದರೆ ಸೋದರಮಾವ ಸಾಯುತ್ತಾನೆ ಅನ್ನೋ ನಂಬಿಕೆ ಇದೆ. ಅದಕ್ಕೆ ಹಬ್ಬಕ್ಕೆ ಮುಂಚೆಯೇ ಎಲ್ಲರೂ ತಲೆ ಒಪ್ಪ ಮಾಡಿಕೊಂಡು, ಮತ್ತೆ ಎರಡನೇ ತಿಂಗಳ ಎರಡನೇ ದಿನದವರೆಗೆ ಕಾಯುತ್ತಾರೆ. ಅವತ್ತು ಕ್ಷೌರದಂಗಡಿ ಮುಂದೆ ಉದ್ದ ಸಾಲು. ಇದರ ಮೂಲವೂ ಆ 1645ರ ಆಜ್ಞೆಯೇ ಅಂತ ಹೇಳುತ್ತಾರೆ. ಬೋಳಿಸಲು ಇಷ್ಟವಿಲ್ಲದವರು 'ಹಳೆಯದನ್ನು ನೆನೆಯುತ್ತೇವೆ' ಅಂತ ಮೊದಲ ತಿಂಗಳು ಕತ್ತರಿ ಮುಟ್ಟಿಸುತ್ತಿರಲಿಲ್ಲವಂತೆ. 'ಹಳೆಯದರ ನೆನಪು' ಅನ್ನೋದೂ 'ಮಾವನ ಸಾವು' ಅನ್ನೋದೂ ಚೀನೀ ಭಾಷೆಯಲ್ಲಿ ಕಿವಿಗೆ ಹೆಚ್ಚುಕಡಿಮೆ ಒಂದೇ ಥರ ಕೇಳುತ್ತವೆ. ಬಾಯಿಂದ ಬಾಯಿಗೆ ಹೋಗುತ್ತಾ ನೆನಪು ಸಾವಾಯಿತು, ಪಾಪ, ಮಾವ ಸಿಕ್ಕಿಬಿದ್ದ.

ಈಗಿನ ಹುಡುಗರು ಇದಕ್ಕೆ ಜಾಸ್ತಿ ಹೆದರುವುದಿಲ್ಲ. 1980ರಿಂದ 2015ರವರೆಗೆ ಒಂದೇ ಮಗು ನೀತಿ ಇತ್ತಲ್ಲ, ಅವರಲ್ಲಿ ಎಷ್ಟೋ ಜನರ ಅಮ್ಮಂದಿರಿಗೆ ಅಣ್ಣ ತಮ್ಮಂದಿರೇ ಇಲ್ಲ.