ಸಾಲಿನ ಕೊನೆಯಲ್ಲಿ ಕೂರುವ ರೆಸಿಸ್ಟರ್

ಒಂದೇ ಜೋನ್‌ಗೆ, ಅಂದರೆ ಫೈರ್ ಅಲಾರ್ಮ್ ಪ್ಯಾನೆಲ್‌ನಿಂದ ಹೊರಟ ಒಂದು ವೈರ್ ಸಾಲಿಗೆ, ಹತ್ತು ಸ್ಮೋಕ್ ಡಿಟೆಕ್ಟರ್ ಜೋಡಿಸಿದ್ದೀರಿ, ಪ್ಯಾನೆಲ್‌ನಲ್ಲಿ ಹಸಿರು ದೀಪ ಉರಿಯುತ್ತಿದೆ. ಆದರೂ ಏಳನೆಯ ಡಿಟೆಕ್ಟರ್ ಸತ್ತಿರಬಹುದು. ಅಂಥ ಕಡೆ ತಪ್ಪು ಎಷ್ಟೋ ಸಲ ಡಿಟೆಕ್ಟರ್‌ನದಲ್ಲ, ವೈರ್ ಎಳೆದ ರೀತಿಯದು.

ಕನ್ವೆನ್ಷನಲ್ (ಪ್ರತಿ ಡಿಟೆಕ್ಟರ್‌ಗೆ ಬೇರೆ ವಿಳಾಸವಿಲ್ಲದ) ಎರಡು ವೈರ್ ಜೋನ್‌ನಲ್ಲಿ ಡಿಟೆಕ್ಟರ್‌ಗಳೆಲ್ಲ ಪ್ಯಾರಲಲ್. ಕರೆಂಟ್ ಹೋಗುವುದೂ ಬೆಂಕಿಯ ಸುದ್ದಿ ಬರುವುದೂ ಅದೇ ಎರಡು ವೈರ್‌ಗಳಲ್ಲಿ. ಕೊನೆಯ ಬೇಸ್‌ನಲ್ಲಿ (ಡಿಟೆಕ್ಟರ್ ಕೂರುವ, ವೈರ್ ಬಿಗಿಯುವ ತಳಭಾಗ) ಎಂಡ್ ಆಫ್ ಲೈನ್ ರೆಸಿಸ್ಟರ್, ಅಂದರೆ ಸಾಲಿನ ಕೊನೆಯ ರೋಧಕ, ಇರುತ್ತದೆ. ಜೋನ್ ವೋಲ್ಟೇಜ್ 24, ರೆಸಿಸ್ಟರ್ 4.7 ಕಿಲೋ ಓಮ್ ಎಂದುಕೊಂಡರೆ ಅದರ ಮೂಲಕ ಸದಾ ಸುಮಾರು 5 ಮಿಲಿಆಂಪಿಯರ್ ಹರಿಯುತ್ತದೆ. ಈ ಹರಿವು ಇರುವವರೆಗೆ ವೈರ್ ಕೊನೆತನಕ ಗಟ್ಟಿ. ನಿಂತರೆ ಫಾಲ್ಟ್. ಹೊಗೆ ಕಂಡ ಡಿಟೆಕ್ಟರ್ ಎರಡು ವೈರ್‌ಗಳ ನಡುವೆ ಕಡಿಮೆ ರೋಧದ ದಾರಿ ತೆರೆದು ಕರೆಂಟ್ ಏರಿಸಿದರೆ ಅಲಾರ್ಮ್.

ರೆಸಿಸ್ಟರನ್ನು ಪ್ಯಾನೆಲ್ ಒಳಗೇ ಸಿಕ್ಕಿಸಿದರೆ ಹೊರಗಿನ ವೈರ್ ಪೂರ್ತಿ ಕಿತ್ತುಹೋದರೂ ಹಸಿರು ದೀಪ ಆರುವುದಿಲ್ಲ. ಟಿ-ಜಾಯಿಂಟ್ ಕೊಟ್ಟು ಕವಲು ಎಳೆದಾಗಲೂ ಹೀಗೆಯೇ: ಕವಲು ಕಡಿದರೆ ಮುಖ್ಯ ಸಾಲಿನ ರೆಸಿಸ್ಟರ್ 'ಎಲ್ಲ ಸರಿ' ಎನ್ನುತ್ತಲೇ ಇರುತ್ತದೆ. ಕಣ್ಣಿಗೆ ಬೀಳದ ಮೂರನೆಯ ತಪ್ಪೊಂದಿದೆ. ವೈರ್ ಕತ್ತರಿಸದೆ, ಇನ್ಸುಲೇಷನ್ ಮಾತ್ರ ಸುಲಿದು, ಮಡಚಿ ಒಂದೇ ಸ್ಕ್ರೂ ಕೆಳಗೆ ತುರುಕುವುದು. ಸ್ಕ್ರೂ ಸಡಿಲಾದರೆ ಆ ಡಿಟೆಕ್ಟರ್ ಒಂದೇ ಕಳಚಿಕೊಳ್ಳುತ್ತದೆ, ಸಾಲು ಮಾತ್ರ ಅಖಂಡ. ಆದ್ದರಿಂದ ಪ್ರತಿ ಬೇಸ್‌ನಲ್ಲೂ ವೈರ್ ಕತ್ತರಿಸಿ, ಬರುವ ತುದಿ ಒಂದು ಕಡೆ, ಹೋಗುವ ತುದಿ ಇನ್ನೊಂದು ಕಡೆ ಬಿಗಿಯಬೇಕು. ಸಾಮಾನ್ಯ ಬೇಸ್‌ಗಳಲ್ಲಿ ಒಂದು ವೈರ್ ಹೆಡ್‌ನ (ಬೇಸ್‌ಗೆ ತಿರುಗಿಸಿ ಕೂರಿಸುವ ಡಿಟೆಕ್ಟರ್ ಭಾಗ) ಕಾಂಟ್ಯಾಕ್ಟ್ ಮೂಲಕವೇ ಮುಂದೆ ಸಾಗುವುದರಿಂದ, ಹೆಡ್ ಕಳಚಿದರೆ ಸಾಲೇ ತುಂಡಾಗಿ ಫಾಲ್ಟ್ ಬರುತ್ತದೆ.

ಎಷ್ಟು ಡಿಟೆಕ್ಟರ್ ಹಾಕಬಹುದು ಎಂಬುದಕ್ಕೂ ಲೆಕ್ಕವಿದೆ. ಸುಮ್ಮನಿರುವಾಗಲೂ ಒಂದೊಂದು 0.1 ಮಿಲಿಆಂಪಿಯರ್ ಎಳೆದರೆ ಹತ್ತಕ್ಕೆ 1 ಮಿಲಿಆಂಪಿಯರ್. ಪ್ಯಾನೆಲ್‌ನ ಮಿತಿ ಮೀರಿದರೆ, ರೆಸಿಸ್ಟರ್ ಕಳಚಿದರೂ ಡಿಟೆಕ್ಟರ್‌ಗಳ ಕರೆಂಟ್ ಅದನ್ನು ಮರೆಮಾಚಬಹುದು. ಮಿತಿ ಎಷ್ಟು, ರೆಸಿಸ್ಟರ್ ಎಷ್ಟು ಓಮ್‌ನದು, ಯಾವ ಡಿಟೆಕ್ಟರ್ ಹೊಂದುತ್ತದೆ ಎಂಬುದನ್ನು ಆ ಪ್ಯಾನೆಲ್‌ನ ಕೈಪಿಡಿಯಲ್ಲೇ ನೋಡಬೇಕು. ಬೇರೆ ಪ್ಯಾನೆಲ್‌ನಿಂದ ಬಿಚ್ಚಿದ ರೆಸಿಸ್ಟರ್ ಹಾಕಬಾರದು.

ನಾಲ್ಕು ವೈರ್ ಡಿಟೆಕ್ಟರ್‌ಗೆ ಪವರ್ ಬೇರೆಯೇ ಬರುತ್ತದೆ. ಆ ಪವರ್ ಹೋದದ್ದು ತಿಳಿಯಲು ಸಾಲಿನ ಕೊನೆಯಲ್ಲಿ ಒಂದು ರಿಲೇ (ಪವರ್ ಇರುವವರೆಗೆ ಮಾತ್ರ ಕಾಂಟ್ಯಾಕ್ಟ್ ಮುಚ್ಚಿಡುವ ಸ್ವಿಚ್) ಇಟ್ಟು, ಅದರ ಕಾಂಟ್ಯಾಕ್ಟನ್ನು ರೆಸಿಸ್ಟರ್ ಜೊತೆ ಸೀರೀಸ್‌ನಲ್ಲಿ ಸೇರಿಸಬೇಕು.

ಇನ್ಸುಲೇಷನ್ ಪರೀಕ್ಷೆಗೆ ಮೆಗ್ಗರ್ (ಹೆಚ್ಚು ವೋಲ್ಟೇಜ್ ಕೊಟ್ಟು ಅಳೆಯುವ ಮೀಟರ್) ಹಚ್ಚುವುದಿದ್ದರೆ ಹೆಡ್‌ಗಳನ್ನು ಕೂರಿಸುವ ಮೊದಲೇ, ಪ್ಯಾನೆಲ್‌ನಿಂದ ವೈರ್ ಬಿಚ್ಚಿ ಮಾಡಿ. ಇಲ್ಲವಾದರೆ ಎಲೆಕ್ಟ್ರಾನಿಕ್ಸ್ ಸುಟ್ಟುಹೋಗಬಹುದು. ಆಮೇಲೆ ಒಂದೊಂದೇ ಹೆಡ್ ತಿರುಗಿಸಿ ತೆಗೆಯಿರಿ, ಪ್ಯಾನೆಲ್ ಫಾಲ್ಟ್ ತೋರಿಸಬೇಕು. ಮತ್ತೆ ಕೂರಿಸಿ, ಟೆಸ್ಟ್ ಹೊಗೆ ಕೊಟ್ಟು ಅಲಾರ್ಮ್ ನೋಡಿ, ರಿಸೆಟ್ ಮಾಡಿ ಮುಂದಿನದಕ್ಕೆ ಹೋಗಿ. ಹೆಡ್ ತೆಗೆದರೂ ಪ್ಯಾನೆಲ್ ಸುಮ್ಮನಿದ್ದರೆ ಮೊದಲು ಆ ಬೇಸ್ ಬಿಚ್ಚಿ ವೈರ್ ನೋಡಿ.